ರುಚಿ ಪ್ರಶ್ನೋತ್ತರ: ಸಿಗಾರ್‌ನಲ್ಲಿ ಕೋಕೋ ಎಲ್ಲಿಂದ ಬರುತ್ತೆ?

ಹೋದ ಸಂಚಿಕೇಲಿ ಫಿಲ್ಟರ್ ಕಾಫಿ ರುಚಿ ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಸಿಗಾರ್ ಬಗ್ಗೆ ಕೇಳಿದವರು ಸುಮಾರು ಜನ ಇದ್ರು, ಹಾಗಾಗಿ ಈ ಸಲ ಪೂರ್ತಿ ಅದೇ ವಿಷಯ. ಶುರು ಮಾಡೋಕೆ ಮುಂಚೆ ಒಂದು ಮಾತು. ಕರ್ನಾಟಕದಲ್ಲಿ 2025ರಿಂದ 21 ವರ್ಷ ತುಂಬದವರಿಗೆ ತಂಬಾಕು ಮಾರೋ ಹಾಗಿಲ್ಲ, ಪಬ್ಲಿಕ್ ಜಾಗದಲ್ಲಿ ಸೇದಿದ್ರೆ ದಂಡ 1000 ರೂಪಾಯಿವರೆಗೆ ಬೀಳುತ್ತೆ. ಇಲ್ಲಿವರೆಗೂ ಸೇದದೇ ಇರೋರು ದಯವಿಟ್ಟು ಇದನ್ನ ಓದಿ ಶುರು ಮಾಡ್ಬೇಡಿ. ಈಗಾಗಲೇ ಯಾವಾಗಲೋ ಒಂದು ಸೇದೋರು, ಅದರಲ್ಲಿ ಏನಿದೆ ಅಂತ ತಿಳ್ಕೋಬೇಕು ಅನ್ನೋರು, ಮನೇಲಿ ಸೇದೋರನ್ನ ನೋಡ್ತಾ ಇರೋರು, ಇವರಿಗೋಸ್ಕರ ಬರೀತಿದೀನಿ.

ಪ್ರಶ್ನೆ: ಸರ್, ಪ್ರಮೋಷನ್ ಆಯ್ತು ಅಂತ ನಮ್ಮ ಬಾಸ್ ಒಂದು ಒಳ್ಳೇ ಸಿಗಾರ್ ಗಿಫ್ಟ್ ಕೊಟ್ರು. ಡಬ್ಬಿ ಜೊತೆ ಬಂದ ಕಾರ್ಡಲ್ಲಿ ಕೋಕೋ, ಸೀಡರ್, ಲೆದರ್, ಕರಿಮೆಣಸು ಅಂತೆಲ್ಲ ಬರೆದಿತ್ತು. ಟೆರೇಸ್ ಮೇಲೆ ಕೂತು ಪೂರ್ತಿ ಸೇದಿದೆ, ನನಗೆ ಹೊಗೆ ಬಿಟ್ರೆ ಏನೂ ಗೊತ್ತಾಗ್ಲಿಲ್ಲ. ನನ್ನ ನಾಲಿಗೇನೇ ಸರಿ ಇಲ್ವಾ, ಇಲ್ಲ ಅದೆಲ್ಲ ಬರೀ ಮಾರ್ಕೆಟಿಂಗಾ?
(ಜೆ.ಪಿ. ನಗರ)

ನಿಮ್ಮ ನಾಲಿಗೆ ಚೆನ್ನಾಗೇ ಇದೆ. ನಾಲಿಗೆಗೆ ಗೊತ್ತಾಗೋದೇ ಸಿಹಿ, ಹುಳಿ, ಉಪ್ಪು, ಕಹಿ, ಆಮೇಲೆ ಉಮಾಮಿ ಅಂತಾರಲ್ಲ ಆ ಮಾಂಸದ ಸಾರಿನಂಥ ರುಚಿ, ಇಷ್ಟೇ. ಕೋಕೋ, ಮರ, ಹುರಿದ ಬೀಜ ಇವೆಲ್ಲ ಮೂಗಿನ ಕೆಲಸ. ನಂಬಿಕೆ ಬರ್ಲಿಲ್ಲ ಅಂದ್ರೆ ಈಗಲೇ ಅಡುಗೆಮನೆಗೆ ಹೋಗಿ ಒಂದು ಏಲಕ್ಕಿ ತಗೊಳ್ಳಿ, ಮೂಗನ್ನ ಬೆರಳಲ್ಲಿ ಗಟ್ಟಿಯಾಗಿ ಹಿಡ್ಕೊಂಡು ಬೀಜ ಅಗೀರಿ, ಒಂಚೂರು ಕಹಿ, ಒಂಚೂರು ಚುರುಕು ಬಿಟ್ರೆ ಏನೂ ಸಿಗಲ್ಲ, ಹಾಗೇ ಅಗೀತಾ ಅಗೀತಾ ಮೂಗು ಬಿಡಿ, ಅದೇ ಕ್ಷಣಕ್ಕೆ ಪೂರ್ತಿ ಏಲಕ್ಕಿ ಬಂದು ತುಂಬ್ಕೊಳ್ಳುತ್ತೆ. ವಾಸನೆ ಗಂಟಲ ಹಿಂದಿನ ದಾರಿಯಿಂದ ಮೂಗಿಗೆ ಹತ್ತಿತು ಅಂತ ಅರ್ಥ. ಸಿಗಾರ್‌ನಲ್ಲೂ ಆ ಹಿಂದಿನ ದಾರೀನೇ ಮುಖ್ಯ.

ಅನುಭವಸ್ಥರು ಇದಕ್ಕೆ ರೆಟ್ರೋಹೇಲ್ ಅಂತಾರೆ. ಹೊಗೇನ ಬಾಯಿಗಷ್ಟೇ ತಗೋಬೇಕು, ಶ್ವಾಸಕೋಶಕ್ಕೆ ಎಳೀಲೇಬಾರದು. ಬಾಯಲ್ಲಿ ಒಂದೆರಡು ಸೆಕೆಂಡ್ ಇಟ್ಟು ಮುಕ್ಕಾಲು ಭಾಗ ಬಾಯಿಂದಲೇ ಬಿಟ್ಬಿಡಿ, ಉಳಿದ ಚೂರನ್ನ ತುಟಿ ಮುಚ್ಚಿ, ಹೂಂ ಅಂತ ಹೂಂಗುಟ್ತೀವಲ್ಲ ಹಾಗೆ, ನಿಧಾನಕ್ಕೆ ಮೂಗಿಂದ ಹೊರಗೆ ಬಿಡಿ. ಜಾಸ್ತಿ ಬಿಟ್ರೆ ಕಣ್ಣಲ್ಲಿ ನೀರು ಬರುತ್ತೆ, ಆಗ ರುಚಿ ಹೋಗಿ ಉರಿ ಒಂದೇ ಉಳಿಯುತ್ತೆ. ಪ್ರತಿ ಪಫ್‌ಗೂ ಇದನ್ನ ಮಾಡೋ ಅವಶ್ಯಕತೆ ಇಲ್ಲ, ಐದಾರು ಪಫ್‌ಗೆ ಒಂದು ಸಲ ಸಾಕು. ಇನ್ನು ಕಾರ್ಡಲ್ಲಿ ಬರೆದ ಕರಿಮೆಣಸು ಇದೆಯಲ್ಲ, ಅದರಲ್ಲಿ ಬಹುಪಾಲು ವಾಸನೇನೂ ಅಲ್ಲ ರುಚೀನೂ ಅಲ್ಲ, ಮುಖದ ಒಂದು ನರಕ್ಕೆ ಆಗೋ ಚುರುಕು, ಹಸಿಮೆಣಸಿನಕಾಯಿ ಖಾರ ಗೊತ್ತಾಗೋದು, ಪೆಪ್ಪರ್‌ಮೆಂಟ್ ತಣ್ಣಗೆ ಅನ್ಸೋದು ಎಲ್ಲ ಅದೇ ನರದಿಂದ. ಅದಕ್ಕೇ ಮೂಗಿನ ಹೊಳ್ಳೆ ಹಿಂದೆ ಚುರ್ ಅಂದಾಗ ಮೆಣಸು ಅಂತ ಬರೀತಾರೆ.

ಕೋಕೋ ಮಾರ್ಕೆಟಿಂಗಾ ಅಂತ ಕೇಳಿದ್ರಿ. ಪ್ರೀಮಿಯಂ ಹ್ಯಾಂಡ್‌ಮೇಡ್ ಸಿಗಾರ್‌ಗೆ ಯಾರೂ ಕೋಕೋ ಬೆರೆಸಲ್ಲ (ಫ್ಲೇವರ್ಡ್ ಅಂತ ಬೇರೆ ಒಂದು ಜಾತಿ ಇದೆ, ಅದರ ಬಗ್ಗೆ ನಾನಿಲ್ಲಿ ಮಾತಾಡ್ತಿಲ್ಲ). ಇರೋದು ಎಲೆ ಒಂದೇ. ಎಲೇನ ನೆರಳಲ್ಲಿ ಗಾಳಿಗೆ ಒಣಗಿಸಿ, ಆಮೇಲೆ ರಾಶಿ ಹಾಕಿ ಒಂಚೂರು ತೇವದಲ್ಲಿ ತಿಂಗಳುಗಟ್ಲೆ ಹುದುಗು ಬರಿಸ್ತಾರೆ, ರಾಶಿ ತನ್ನಷ್ಟಕ್ಕೆ ತಾನೇ ಬಿಸಿ ಏರುತ್ತೆ, ಒಳಗಿರೋ ಅಮೋನಿಯ ಹೊರಗೆ ಹೋಗುತ್ತೆ, ಒರಟುತನ ಇಳಿಯುತ್ತೆ, ಹೊಸ ಹೊಸ ವಾಸನೆಗಳು ಹುಟ್ಟುತ್ವೆ. ಮಡೂರೋ ಅಂತ ಕಪ್ಪಗೆ ಇರುತ್ತಲ್ಲ, ಆ ಎಲೆಗೆ ಈ ಶಾಖ ಇನ್ನೂ ಜಾಸ್ತಿ, ಸಮಯಾನೂ ಜಾಸ್ತಿ, ಅದಕ್ಕೇ ಅದರಲ್ಲಿ ಬೆಲ್ಲದ ಕಡೆ, ಕೋಕೋ ಕಡೆ ವಾಲೋ ಸಿಹಿ ಸಿಗುತ್ತೆ. ಸೀಡರ್ ವಾಸನೆಗೆ ಎಷ್ಟೋ ಸಲ ಡಬ್ಬೀನೇ ಕಾರಣ. ಸ್ಪ್ಯಾನಿಷ್ ಸೀಡರ್ ಅಂತ ಕರೆಯೋ ಆ ಮರ ಅಸಲಿಗೆ ಸೀಡರ್ರೇ ಅಲ್ಲ, ನಮ್ಮ ಬೇವಿನ ಕುಟುಂಬದ ಮರ.

ಇನ್ನೊಂದು, ನೀವು ಬೇಗ ಬೇಗ ಸೇದಿರ್ತೀರ. ಸಿಗರೇಟ್ ಅಭ್ಯಾಸ ಇರೋರು ಎಲ್ಲರೂ ಹಾಗೇ ಮಾಡ್ತಾರೆ. ನಿಮಿಷಕ್ಕೆ ಒಂದು ಪಫ್, ಅದಕ್ಕಿಂತ ಜಾಸ್ತಿ ಬೇಡ. ತುದಿ ಕಾದಷ್ಟೂ ಹೊಗೆ ಕಹಿ ಆಗುತ್ತೆ, ಕೈಯಲ್ಲಿ ಹಿಡಿದಾಗ ಸಿಗಾರ್ ಬಿಸಿ ಬಿಸಿ ಅನ್ಸಿದ್ರೆ ಎರಡು ನಿಮಿಷ ಕೆಳಗಿಡಿ.

ಹೆಸರು ಹುಡುಕೋವಾಗ ಕಾರ್ಡಿಂದ ಶುರು ಮಾಡ್ಬೇಡಿ, ಆ ಪದಗಳು ಬೇರೆ ಊರಿನವರ ಬಾಯಲ್ಲಿ ಹುಟ್ಟಿದವು. ಮೊದಲು ದೊಡ್ಡ ಗುಂಪು ಹಿಡೀರಿ, ಸಿಹಿ ಕಡೆನಾ, ಹುರಿದ ಬೀಜದ ಕಡೆನಾ, ಮರಾನಾ, ಮಸಾಲೆನಾ, ಮಣ್ಣಾ, ಅಷ್ಟು ಗೊತ್ತಾದ ಮೇಲೆ ಒಳಗೆ ಹೋಗಿ. ಹುರಿದ ಬೀಜ ಅಂದ್ರೆ ಕಡಲೆಕಾಯಾ, ಗೋಡಂಬಿನಾ, ಸ್ವಲ್ಪ ಸೀದ ಎಳ್ಳಾ? ಮಸಾಲೆ ಅಂದ್ರೆ ಲವಂಗಾನಾ, ಚಕ್ಕೆನಾ? ಇದಕ್ಕೆ ಮೂಗಿಗೆ ಅಭ್ಯಾಸ ಬೇಕು, ಅದಕ್ಕೆ ಸಿಗಾರ್ ಬೇಕಾಗೇ ಇಲ್ಲ. ಮನೆ ಮಸಾಲೆ ಡಬ್ಬಿ ಕಣ್ಮುಚ್ಚಿ ಮೂಸಿ ಹೇಳಿ, ಗ್ರಂಥಿಗೆ ಅಂಗಡಿಗೆ ಹೋದಾಗ ಶ್ರೀಗಂಧದ ಚಕ್ಕೆ, ಲಾವಂಚ, ದೇವದಾರು ಒಂದೊಂದಾಗಿ ಮೂಸಿ ನೋಡಿ, ಕಾಫಿಪುಡಿ ಅಂಗಡೀಲಿ ಬೀಜ ಹುರಿಯೋವಾಗ ಎರಡು ನಿಮಿಷ ನಿಂತ್ಕೊಳ್ಳಿ. ಗಾಂಧಿ ಬಜಾರ್, ಮಲ್ಲೇಶ್ವರಂ ಕಡೆ ಓಡಾಡೋರಿಗೆ ಇದು ಪುಕ್ಕಟೆ ಪಾಠ. ಲಾವಂಚದ ಬೇರಿನ ಆ ಒದ್ದೆ ಮಣ್ಣಿನ ವಾಸನೆ ಒಂದು ಸಲ ತಲೇಲಿ ಕೂತ್ರೆ, ಕಾರ್ಡ್‌ಗಳಲ್ಲಿ ಬರೆಯೋ ಮಣ್ಣಿನ ರುಚಿ ಯಾವುದು ಅಂತ ನಿಮಗೇ ಗೊತ್ತಾಗುತ್ತೆ.

ಪ್ರಶ್ನೆ: ಎರಡು ಬೇರೆ ಬೇರೆ ಸಿಗಾರ್ ಹೋಲಿಸಿ ನೋಡೋದು ಹೇಗೆ? ಒಂದೇ ಸಂಜೆ ಎರಡೂ ಸೇದಬಹುದಾ? ಗೆಳೆಯರು 100ಕ್ಕೆ 92, 100ಕ್ಕೆ 88 ಅಂತ ಮಾರ್ಕ್ಸ್ ಹಾಕ್ತಾರೆ, ನನಗೆ ಅದು ಬರಲ್ಲ.
(ಮಲ್ಲೇಶ್ವರಂ)

ಒಂದೇ ಸಂಜೆ ಎರಡು ಬೇಡ. ಮೊದಲನೇದು ಮುಗಿಯೋ ಹೊತ್ತಿಗೆ ಬಾಯಿ ದಣಿದಿರುತ್ತೆ, ನಿಕೋಟಿನ್ ಏರಿರುತ್ತೆ, ಎರಡನೇದಕ್ಕೆ ನ್ಯಾಯ ಸಿಗಲ್ಲ. ಎರಡನ್ನೂ ಒಟ್ಟಿಗೆ ಹಚ್ಚಿ ಒಂದಾದ ಮೇಲೆ ಒಂದು ಎಳೆಯೋಕೆ ಹೋದ್ರೆ ಒಂದು ಆರುತ್ತೆ, ಮತ್ತೆ ಮತ್ತೆ ಹಚ್ಚಿ ಕಹಿ ಮಾಡ್ಕೋತೀರ. ಮಧ್ಯೆ ಕೆಲವು ದಿನ ಬಿಟ್ಟು, ಅದೇ ಹೊತ್ತಿಗೆ, ಅದೇ ಥರ ಊಟ ಆದ ಮೇಲೆ ಕೂತ್ಕೊಳ್ಳಿ. ಇಬ್ಬರು ಇದ್ರೆ ಇನ್ನೂ ಒಳ್ಳೇದು, ಇಬ್ಬರೂ ಒಂದೇ ಸಿಗಾರ್ ತಗೊಂಡು, ಮಾತಾಡದೇ ಬರ್ಕೊಂಡು, ಕೊನೇಲಿ ಚೀಟಿ ಅದಲು ಬದಲು ಮಾಡ್ಕೊಳ್ಳಿ. ಬ್ಯಾಂಡ್‌ನ (ಸಿಗಾರ್ ಸುತ್ತ ಇರೋ ಹೆಸರಿನ ಕಾಗದದ ಪಟ್ಟಿ) ಮೊದಲೇ ಬೇರೆಯವರ ಕೈಲಿ ತೆಗೆಸಿಬಿಡಿ, ಬೆಲೆ ಗೊತ್ತಿದ್ರೆ ಮೂಗು ಬೆಲೆ ಕಡೆಗೇ ಓಡುತ್ತೆ.

ಹೋಲಿಕೆ ಅಂದ್ರೆ ಒಂದೇ ಒಂದು ವಿಷಯ ಬದಲಾಗ್ಬೇಕು, ಉಳಿದದ್ದೆಲ್ಲ ಹಾಗೇ ಇರ್ಬೇಕು. ಸಿಗಾರ್‌ಗೆ ಮೂರು ಪದರ, ಒಳಗೆ ಫಿಲ್ಲರ್, ಅದನ್ನ ಹಿಡಿದಿಡೋ ಬೈಂಡರ್, ಮೇಲೆ ಕಣ್ಣಿಗೆ ಕಾಣೋ ರ‍್ಯಾಪರ್. ಒಂದೇ ಹೆಸರಲ್ಲಿ ತಿಳಿ ಕಂದು ಕನೆಕ್ಟಿಕಟ್ ರ‍್ಯಾಪರ್‌ದು ಒಂದು, ಕಪ್ಪು ಮಡೂರೋದು ಒಂದು ಮಾಡೋ ತಯಾರಕರು ಇದಾರೆ, ಕಲಿಯೋರಿಗೆ ಅಂಥ ಜೋಡಿಗಿಂತ ಒಳ್ಳೇ ಮೇಷ್ಟ್ರಿಲ್ಲ. ಸೈಜ್ ಒಂದೇ ಇರ್ಲಿ. ದಪ್ಪ ಹೇಳೋಕೆ ರಿಂಗ್ ಗೇಜ್ ಅಂತ ಅಳತೆ ಇದೆ, ಒಂದು ಇಂಚಿನ 64ನೇ ಒಂದು ಭಾಗ ಅದರ ಲೆಕ್ಕ, ರೊಬಸ್ಟೋ ಅನ್ನೋ ಸೈಜ್ ಅಂದ್ರೆ ಸುಮಾರು 5 ಇಂಚು ಉದ್ದ, 50 ರಿಂಗ್, ಅಂದ್ರೆ ಮುಕ್ಕಾಲು ಇಂಚಿಗಿಂತ ಕೊಂಚ ಜಾಸ್ತಿ ದಪ್ಪ. ತೆಳ್ಳಗಿದ್ದಷ್ಟೂ ರ‍್ಯಾಪರ್ ರುಚಿಯ ಪಾಲು ಜಾಸ್ತಿ, ದಪ್ಪ ಆದಷ್ಟೂ ಒಳಗಿನ ಫಿಲ್ಲರ್ ಮಾತಾಡುತ್ತೆ. ಒಂದು ತೆಳ್ಳಗಿರೋದು ಒಂದು ದಪ್ಪ ಇರೋದು ಇಟ್ಕೊಂಡು ರ‍್ಯಾಪರ್ ಹೋಲಿಸಿದ್ರೆ ಏನೂ ಗೊತ್ತಾಗಲ್ಲ.

ಬರ್ಕೊಳ್ಳೋವಾಗ ಮೂರು ಮಾತು ಬೇರೆ ಬೇರೆ ಇಡಿ. ಸ್ಟ್ರೆಂತ್ ಅಂದ್ರೆ ನಿಕೋಟಿನ್, ಅದು ತಲೆಗೆ ಹೊಟ್ಟೆಗೆ ಗೊತ್ತಾಗುತ್ತೆ. ಬಾಡಿ ಅಂದ್ರೆ ಹೊಗೆ ಬಾಯಲ್ಲಿ ಎಷ್ಟು ತುಂಬಿಕೊಂಡ ಹಾಗಿದೆ ಅನ್ನೋದು. ಫ್ಲೇವರ್ ಅಂದ್ರೆ ಏನು ನೆನಪಾಗುತ್ತೆ ಅನ್ನೋದು. ಸ್ಟ್ರಾಂಗ್ ಆಗಿದೆ, ಆದ್ರಿಂದ ಒಳ್ಳೇದು ಅಂತ ಮಾತಾಡೋರು ಬಹಳ, ಅದು ತಪ್ಪು ಲೆಕ್ಕ, ಮೆತ್ತಗಿರೋ ಸಿಗಾರ್‌ನಲ್ಲಿ ಫ್ಲೇವರ್ ತುಂಬ ಇರಬಹುದು, ಸ್ಟ್ರಾಂಗ್ ಒಂದರಲ್ಲಿ ಏನೂ ಇಲ್ಲದೇ ಇರಬಹುದು. ಗಿಡದ ತುದಿಯ ಎಲೆಗೆ ಬಿಸಿಲು ಜಾಸ್ತಿ ಬೀಳುತ್ತೆ, ಲಿಗೇರೋ ಅಂತಾರೆ, ಅದು ದಪ್ಪ, ನಿಧಾನಕ್ಕೆ ಉರಿಯುತ್ತೆ, ಜೋರೂ ಅದರದ್ದೇ, ಅದನ್ನ ನಡುಮಧ್ಯೆ ಇಟ್ಟು ಸುತ್ತುತಾರೆ. ನಡುವಿನ ಸೆಕೋ ಎಲೆ ಪರಿಮಳಕ್ಕೆ, ಬುಡದ ವೊಲಾಡೋ ಎಲೆ ಚೆನ್ನಾಗಿ ಉರಿಯೋಕೆ. ಹಾಗಾಗಿ ಜೋರಿಗೂ ಪರಿಮಳಕ್ಕೂ ಮೂಲವೇ ಬೇರೆ.

ಹಚ್ಚೋಕೆ ಮುಂಚೆ ತುದಿ ಕತ್ತರಿಸಿ ಗಾಳಿ ಎಳೆದು ನೋಡಿ, ಹಸಿ ಎಲೆ ವಾಸನೆ ಒಂದು ಸಾಲು ಬರೀರಿ. ಆಮೇಲೆ ಸಿಗಾರ್‌ನ ಮನಸ್ಸಲ್ಲೇ ಮೂರು ಭಾಗ ಮಾಡ್ಕೊಂಡು ಪ್ರತಿ ಭಾಗಕ್ಕೂ ಎರಡು ಸಾಲು ಬರೀರಿ, ಯಾಕಂದ್ರೆ ಹೊಗೆ ತಂಪಾಗ್ತಾ ಬರೋ ದಾರಿ ಕಮ್ಮಿ ಆಗ್ತಾ ಹೋಗುತ್ತೆ, ಟಾರ್, ತೇವ ಎಲ್ಲ ಬಾಯಿ ಕಡೆ ಸೇರ್ಕೊಳ್ಳುತ್ತೆ, ಕೊನೇ ಭಾಗ ಯಾವಾಗಲೂ ಜೋರು. ಮಧ್ಯೆ ಮಧ್ಯೆ ಬರೀ ನೀರು ಕುಡೀರಿ, ಸೋಡಾ ಇನ್ನೂ ಒಳ್ಳೇದು. ಆಗಷ್ಟೇ ಹಲ್ಲುಜ್ಜಿ ಕೂತ್ಕೋಬೇಡಿ, ಟೂತ್‌ಪೇಸ್ಟ್‌ನ ನೊರೆ ಬರಿಸೋ ಪದಾರ್ಥ ಸಿಹಿ ಮುಚ್ಚಿ ಕಹಿ ಎತ್ತಿ ತೋರಿಸುತ್ತೆ. ಪಾನ್, ಅಡಿಕೆ ಅಂತೂ ಬೇಡವೇ ಬೇಡ.

ಮಾರ್ಕ್ಸ್ ವಿಷಯ ಬಿಟ್ಟುಬಿಡಿ. 92ಕ್ಕೂ 88ಕ್ಕೂ ಇರೋ ವ್ಯತ್ಯಾಸ ಬರೆದವರಿಗೇ ಮುಂದಿನ ವಾರ ನೆನಪಿರಲ್ಲ. ಮೊದಲನೇದರಲ್ಲಿ ಕಡಲೆಕಾಯಿ ಸಿಪ್ಪೆ ವಾಸನೆ ಇತ್ತು, ನಡುವೆ ಒಂಚೂರು ಜೇನಿನ ಸಿಹಿ, ಕೊನೇಲಿ ಒಣಗಿತು, ಎರಡನೇದು ಶುರುವಿಂದ ಸೀದ ಬೆಲ್ಲ, ನನಗೆ ಮೊದಲನೇದೇ ಇಷ್ಟ, ಅಂತ ಬರೆದಿಟ್ರೆ ಆರು ತಿಂಗಳ ನಂತರ ಓದಿದ್ರೂ ರುಚಿ ವಾಪಸ್ ಬರುತ್ತೆ.

ಪ್ರಶ್ನೆ: ನಮ್ಮದು ಹುಣಸೂರು ಕಡೆ, ಅಪ್ಪ ಈಗಲೂ ಹೊಗೆಸೊಪ್ಪು ಬೆಳೀತಾರೆ. ಅಷ್ಟೊಂದು ಒಳ್ಳೇ ಸೊಪ್ಪು ಇಲ್ಲೇ ಇರೋವಾಗ ಸಿಗಾರ್ ಯಾಕೆ ಇಲ್ಲಿ ಆಗಲ್ಲ?
(ವಿಜಯನಗರ)

ನಿಮ್ಮ ಪ್ರಶ್ನೆ ಓದಿ ಖುಷಿ ಆಯ್ತು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಬೆಳೆಯೋದು ವರ್ಜೀನಿಯಾ ಸೊಪ್ಪು, ಅದು ಸಿಗರೇಟಿಗೆ ಅಂತಲೇ ಇರೋದು. ನಿಮಗೆ ನಾನು ಹೇಳ್ಬೇಕಾಗಿಲ್ಲ, ಕಡ್ಡಿಗೆ ಕಟ್ಟಿ ಬ್ಯಾರನ್ (ಸೊಪ್ಪು ಒಣಗಿಸೋ ಮನೆ) ಒಳಗೆ ಏರಿಸಿ ಬೆಂಕಿ ಶಾಖ ಕೊಟ್ಟು ಕೆಲವೇ ದಿನದಲ್ಲಿ ಹಳದಿ ಬಣ್ಣಕ್ಕೆ ಬೇಯಿಸಿಬಿಡ್ತಾರೆ. ಅಷ್ಟು ಬೇಗ ಒಣಗಿದ್ರಿಂದ ಎಲೆಯ ಸಕ್ಕರೆ ಒಳಗೇ ಉಳಿಯುತ್ತೆ, ಆ ಸಕ್ಕರೆ ಉರಿದ ಹೊಗೆ ಸ್ವಲ್ಪ ಆಮ್ಲೀಯ. ಸಿಗಾರ್ ಸೊಪ್ಪನ್ನ ಬೆಂಕಿ ಇಲ್ಲದೇ ವಾರಗಟ್ಟಲೆ ಗಾಳಿಗೆ ತೂಗಿಹಾಕ್ತಾರೆ, ಎಲೆ ಸಾಯೋಕೆ ಮುಂಚೆ ತನ್ನ ಸಕ್ಕರೆ ತಾನೇ ತಿಂದು ಮುಗಿಸುತ್ತೆ, ಕಂದು ಬಣ್ಣ ಬರುತ್ತೆ, ಆ ಹೊಗೆ ಕ್ಷಾರದ ಕಡೆಗೆ ಇರುತ್ತೆ. ತಳಿ ಬೇರೆ, ಒಣಗಿಸೋ ರೀತಿ ಬೇರೆ, ಆಮೇಲಿನ ಹುದುಗು ಬೇರೆ. ನಿಮ್ಮಪ್ಪನ ಸೊಪ್ಪು ಕಳಪೆ ಅಂತ ಖಂಡಿತ ಅಲ್ಲ, ಅದು ಬೇರೆ ಕೆಲಸಕ್ಕೆ ಬೆಳೆದದ್ದು. ದಕ್ಷಿಣ ಭಾರತದಲ್ಲಿ ಸಿಗಾರ್ ಸಂಬಂಧಿಕರು ಇದಾರೆ, ತಿರುಚಿನಾಪಳ್ಳಿ ಚುಟ್ಟಾ ಬ್ರಿಟಿಷರ ಕಾಲದಲ್ಲಿ ಇಂಗ್ಲೆಂಡ್‌ವರೆಗೂ ಹೆಸರು ಮಾಡಿತ್ತು.

ಪ್ರಶ್ನೆ: ಫಿಲ್ಟರ್ ಕಾಫಿ ಜೊತೆ ಸಿಗಾರ್ ಹೇಗೆ?
(ಬಸವನಗುಡಿ)

ಸುಮ್ನೆ ಕೂರೋಕೆ ಚೆನ್ನಾಗಿರುತ್ತೆ, ರುಚಿ ನೋಡೋಕೆ ಆಗಲ್ಲ. ಹಾಲಿನ ಕೊಬ್ಬು, ಸಕ್ಕರೆ, ಚಿಕೋರಿ ಮೂರೂ ಸೇರಿ ನಾಲಿಗೆ ಮೇಲೆ ಕೂತ್ಕೋತಾವೆ. ಡಿಕಾಕ್ಷನ್ ಮಾತ್ರ ಬಿಸಿನೀರಲ್ಲಿ ತೆಳ್ಳಗೆ ಮಾಡಿ, ಚಿಕೋರಿ ಇಲ್ಲದ ಪುಡೀದು, ಅದನ್ನ ಕೊನೇ ಭಾಗಕ್ಕೆ ಇಟ್ಕೊಳ್ಳಿ.

ಪ್ರಶ್ನೆ: ತಂದಿಟ್ಟ ಸಿಗಾರ್‌ಗಳು ಮಾರ್ಚ್‌ನಲ್ಲಿ ಬಿರುಕು ಬಿಟ್ವು, ಜುಲೈನಲ್ಲಿ ತಂದವು ಮೆತ್ತಗಾಗಿ ಸರಿಯಾಗಿ ಉರೀಲೇ ಇಲ್ಲ, ರುಚೀನೂ ಬೇರೆ ಥರ. ಊರಿನ ತಪ್ಪಾ, ಸಿಗಾರ್ ತಪ್ಪಾ?
(ಹೆಬ್ಬಾಳ)

ಊರಿನ ಹವೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಬೇಸಿಗೆ ಮಧ್ಯಾಹ್ನ ಗಾಳಿ ಪೂರಾ ಒಣ, ಮಳೆಗಾಲದಲ್ಲಿ ಒದ್ದೆ. ಸಿಗಾರ್‌ಗೆ ಬೇಕಾದ್ದು 65ರಿಂದ 70 ಪರ್ಸೆಂಟ್ ತೇವ. ಒಣಗಿದ್ರೆ ಬೇಗ ಉರಿದು ಖಾರ ಕಹಿ ಆಗುತ್ತೆ, ಒದ್ದೆಯಾದ್ರೆ ಎಳೆಯೋಕೆ ಕಷ್ಟ, ಹುಳಿ ಹುಳಿ ಅನ್ಸುತ್ತೆ. ಹೋಲಿಕೆ ಮಾಡೋರಿಗೆ ಇದು ಬಹಳ ಮುಖ್ಯ, ಎರಡು ಸಿಗಾರ್ ಬೇರೆ ಬೇರೆ ತೇವದಲ್ಲಿದ್ರೆ ನೀವು ಹೋಲಿಸ್ತಾ ಇರೋದು ಹವಾಮಾನಾನ. ದುಡ್ಡು ಸುರಿದು ಹ್ಯೂಮಿಡರ್ ಅನ್ನೋ ತೇವ ಕಾಯೋ ಮರದ ಪೆಟ್ಟಿಗೆ ತಗೋಬೇಕಿಲ್ಲ, ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, 65 ಅಥವಾ 69 ಪರ್ಸೆಂಟ್ ತೇವ ಕಾಯೋ ಪ್ಯಾಕ್ ಒಂದು, ತೇವ ಅಳೆಯೋ ಸಣ್ಣ ಹೈಗ್ರೋಮೀಟರ್ ಒಂದು, ಇಷ್ಟು ಸಾಕು.

ಹೈಗ್ರೋಮೀಟರ್ ಮಾತ್ರ ನಂಬೋಕೆ ಮುಂಚೆ ಪರೀಕ್ಷೆ ಮಾಡಿ. ನೀರಿನ ಬಾಟಲ್ ಮುಚ್ಚಳಕ್ಕೆ ಅಡುಗೆ ಉಪ್ಪು ತುಂಬಿ, ಕೆಲವು ಹನಿ ನೀರು ಹಾಕಿ, ಕರಗಬಾರದು, ಒದ್ದೆ ಮರಳಿನ ಹಾಗೆ ಇರ್ಬೇಕು. ಅದನ್ನೂ ಮೀಟರನ್ನೂ ಒಂದೇ ಜಿಪ್ ಕವರ್‌ಗೆ ಹಾಕಿ ಗಾಳಿ ಆಡದ ಹಾಗೆ ಮುಚ್ಚಿ ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ 75 ತೋರಿಸ್ಬೇಕು. 71 ತೋರಿಸಿದ್ರೆ ಇನ್ಮೇಲೆ ಅದರ ಲೆಕ್ಕಕ್ಕೆ 4 ಕೂಡಿಸ್ಕೊಳ್ಳಿ. ಏಪ್ರಿಲ್, ಮೇ ಶಾಖದಲ್ಲಿ ಇನ್ನೊಂದು ಅಪಾಯ ಇದೆ, ತಂಬಾಕು ಹುಳ. ಎಲೆಯೊಳಗೇ ಇರೋ ಮೊಟ್ಟೆ ಬೆಚ್ಚಗಾದಾಗ ಒಡೆದು ಹುಳ ಆಗಿ, ಗುಂಡುಸೂಜಿ ಚುಚ್ಚಿದ ಹಾಗೆ ತೂತು ಮಾಡ್ಕೊಂಡು ಹೊರಗೆ ಬರುತ್ತೆ. ಡಬ್ಬೀನ ಮನೇಲಿ ತಂಪಾಗಿರೋ ಕಡೆ, ಗೋಡೆ ಬೀರುವಿನ ಕೆಳಗಿನ ಖಾನೇಲಿ ಇಡಿ.

ಪ್ರಶ್ನೆ: ನಮ್ಮ ಯಜಮಾನ್ರು ಸಿಗರೇಟ್ ಬಿಟ್ಟು ಈಗ ಸಿಗಾರ್ ಹಿಡಿದಿದ್ದಾರೆ. ಹೊಗೆ ಒಳಗೆ ಎಳ್ಕೊಳ್ಳಲ್ಲ, ಹಾಗಾಗಿ ಏನೂ ಆಗಲ್ಲ ಅಂತಾರೆ. ಬಾಲ್ಕನೀಲಿ ಸೇದ್ತಾರೆ, ಮಗು ಒಳಗೆ ಮಲಗಿರುತ್ತೆ. ಇದು ನಿಜವಾ ಸರ್?
(ರಾಜಾಜಿನಗರ)

ನಿಜ ಅಲ್ಲಮ್ಮ. ಮೇಲೆ ಹೇಳಿದ ಕ್ಷಾರದ ವಿಷಯ ಇಲ್ಲಿ ಕೆಲಸಕ್ಕೆ ಬರುತ್ತೆ, ಸಿಗಾರ್ ಹೊಗೆ ಕ್ಷಾರದ ಕಡೆಗೆ ಇರೋದ್ರಿಂದ ಅದರಲ್ಲಿರೋ ನಿಕೋಟಿನ್ ಬಾಯಿಯ ಒಳಪದರದಿಂದಲೇ ರಕ್ತಕ್ಕೆ ಹೋಗುತ್ತೆ, ಒಳಗೆ ಎಳೀಬೇಕು ಅಂತಿಲ್ಲ. ಅದರ ಜೊತೆ ಬರೋ ಕ್ಯಾನ್ಸರ್‌ಕಾರಕಗಳೂ ತುಟಿ, ನಾಲಿಗೆ, ಗಂಟಲಿಗೆ ನೇರವಾಗಿ ತಾಗುತ್ವೆ. ಬಾಯಿ, ಧ್ವನಿಪೆಟ್ಟಿಗೆ, ಅನ್ನನಾಳ, ಶ್ವಾಸಕೋಶದ ಕ್ಯಾನ್ಸರ್‌ಗಳಿಗೆ ಸಿಗಾರ್ ಹೊಗೆ ಕಾರಣ ಅನ್ನೋದು ಚೆನ್ನಾಗಿ ಗೊತ್ತಾಗಿರೋ ವಿಷಯ, ಜೊತೆಗೆ ಡ್ರಿಂಕ್ಸ್ ಇದ್ರೆ ಬಾಯಿ ಗಂಟಲಿನ ಅಪಾಯ ಇನ್ನೂ ಏರುತ್ತೆ. ಒಂದು ದೊಡ್ಡ ಸಿಗಾರ್‌ನಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ಸಿಗರೇಟಿಂದ ಬಂದವರಿಗೆ ಇನ್ನೊಂದು ತೊಂದರೆ, ಎಷ್ಟೋ ವರ್ಷದ ಅಭ್ಯಾಸ, ಗೊತ್ತಿಲ್ಲದೇ ಒಳಗೆ ಎಳ್ದೇ ಎಳೀತಾರೆ.

ಬಾಲ್ಕನಿ ಬಾಗಿಲು ಮುಚ್ಚಿದ್ರೂ ಹೊಗೆ ಒಳಗೆ ಬರುತ್ತೆ, ಸಿಗಾರ್ ಒಂದು ಗಂಟೆ ಹತ್ತಿರ ಉರಿಯೋದು, ಸಿಗರೇಟಿನ ಹಾಗೆ ಐದು ನಿಮಿಷದ್ದಲ್ಲ, ಬಟ್ಟೆಗೂ ಮೀಸೆಗೂ ಹತ್ತಿರುತ್ತೆ. ಮಗು ಇರೋ ಮನೇಲಿ ಬೇಡವೇ ಬೇಡ, ಇದರಲ್ಲಿ ನಾನು ಯಾವ ರಾಜಿಗೂ ತಯಾರಿಲ್ಲ. ರುಚಿಗೋಸ್ಕರ ಅಂತ ಅವರು ಹೇಳಿದ್ರೆ ಒಂದು ಕೇಳಿ ನೋಡಿ, ಹೋದ ವಾರ ಸೇದಿದ್ದು ಯಾವುದು, ಹೇಗಿತ್ತು ಅಂತ. ನೆನಪೇ ಇಲ್ಲ, ಆದ್ರೆ ದಿನಾ ಬೇಕು ಅಂತಾದ್ರೆ ಅದು ನಿಕೋಟಿನ್ ಕೇಳ್ತಾ ಇರೋದು. ಬಿಡೋಕೆ ಸಹಾಯ ಬೇಕಿದ್ರೆ 1800 11 2356 ಸರ್ಕಾರದ ಉಚಿತ ಸಹಾಯವಾಣಿ. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ಆದ್ರೂ ಆರದ ಹುಣ್ಣು, ಧ್ವನಿ ಬದಲಾಗಿದ್ದು ಹಾಗೇ ಉಳಿದ್ರೆ ಡಾಕ್ಟರಿಗೆ ತೋರಿಸಿ, ಬೆಂಗಳೂರಲ್ಲಿ ಕಿದ್ವಾಯಿ ಆಸ್ಪತ್ರೆ ಇದೆ, ತಡ ಮಾಡ್ಬೇಡಿ.

ಪ್ರಶ್ನೆ: ದುಬೈಯಿಂದ ಭಾವ, ಅಮೆರಿಕದಿಂದ ತಮ್ಮ, ಇಬ್ಬರೂ ಒಂದೇ ಹೆಸರಿನ ಸಿಗಾರ್ ತಂದ್ರು. ರುಚೀಲಿ ಸಂಬಂಧಾನೇ ಇಲ್ಲ! ಒಂದು ಡೂಪ್ಲಿಕೇಟಾ?
(ಕೋರಮಂಗಲ)

ಎರಡೂ ಅಸಲಿ ಇರಬಹುದು. ಕ್ಯೂಬಾ ಕ್ರಾಂತಿ ಆದ ಮೇಲೆ 1960ರಲ್ಲಿ ಅಲ್ಲಿನ ಸಿಗಾರ್ ಉದ್ಯಮಾನ ಸರ್ಕಾರ ವಶ ಮಾಡ್ಕೊಳ್ತು, ಮಾಲೀಕರು ಕೆಲವರು ದೇಶ ಬಿಟ್ಟು ಹೋಗಿ ಹೊರಗೆ ಅದೇ ಹೆಸರುಗಳಲ್ಲಿ ಮತ್ತೆ ಶುರು ಮಾಡಿದ್ರು. 1962ರಿಂದ ಅಮೆರಿಕ ಕ್ಯೂಬಾ ಮಾಲಿಗೆ ನಿರ್ಬಂಧ ಹಾಕಿದ್ರಿಂದ ಅಲ್ಲಿ ಮಾರಾಟ ಆಗೋದು ಈ ಹೊರಗಿನವು. ಹಾಗಾಗಿ ಮಾಂಟೆಕ್ರಿಸ್ಟೋ, ರೋಮಿಯೋ ಇ ಹುಲಿಯೆಟಾ ಥರದ ಹೆಸರುಗಳಿಗೆ ಕ್ಯೂಬಾದ್ದು ಒಂದು, ಡೊಮಿನಿಕನ್ ರಿಪಬ್ಲಿಕ್‌ನದ್ದು ಒಂದು ಅಂತ ಎರಡೆರಡು ಇವೆ. ಕೊಹಿಬಾ ಕ್ರಾಂತಿ ಆದಮೇಲೆ ಹುಟ್ಟಿದ ಹೆಸರು, ಆದ್ರೂ ಅದಕ್ಕೂ ಎರಡು ರೂಪ ಇದೆ. ಎಲೆ ಬೇರೆ, ಮಣ್ಣು ಬೇರೆ, ಸುತ್ತೋರು ಬೇರೆ, ರುಚಿ ಸೇರೋಕೆ ಕಾರಣಾನೇ ಇಲ್ಲ.

ಡಬ್ಬಿ ತಿರುಗಿಸಿ ತಳ ನೋಡಿ. ಕ್ಯೂಬಾದ್ದಾದ್ರೆ ಮರಕ್ಕೆ ಬರೆ ಹಾಕಿ ಒತ್ತಿದ ಹೆಚೋ ಎನ್ ಕ್ಯೂಬಾ (ಕ್ಯೂಬಾದಲ್ಲಿ ಮಾಡಿದ್ದು) ಅನ್ನೋ ಅಕ್ಷರ ಇರುತ್ತೆ, 1989ರ ಈಚಿನವಕ್ಕೆ ಪೂರ್ತಿ ಕೈಯಲ್ಲಿ ಮಾಡಿದ್ದು ಅನ್ನೋ ಅರ್ಥದ ತೊತಾಲ್ಮೆಂತೆ ಆ ಮಾನೋ ಅಂತಾನೂ ಇರುತ್ತೆ. ಪಕ್ಕದಲ್ಲಿ ಹಸಿರು ಬಣ್ಣದ ವಾರಂಟಿ ಸೀಲ್ ಕೂಡ ನೋಡ್ಕೊಳ್ಳಿ. ಭಾವ ಡಬ್ಬಿ ಬಿಸಾಕಿಲ್ಲ ತಾನೇ? ಇದ್ರೆ ತಳದ ಫೋಟೋ ಕಳಿಸೋಕೆ ಹೇಳಿ.